ಡಾಕ್ಟರ್ ಹೂ: ಉಳಿದ ಧಾರಾವಾಹಿ, ಅಳಿದ ಕಂತುಗಳು

ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದ ‘ಡಾಕ್ಟರ್ ಹೂ’ ಜಗತ್ತಿನ ಅತಿ ದೀರ್ಘಕಾಲದ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳಲ್ಲಿ ಪ್ರಮುಖವಾದುದು. ಇದರ ನಾಯಕ ‘ಡಾಕ್ಟರ್’ ಅನ್ಯಲೋಕದವನು. ಹೊರಗಿನಿಂದ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂತೆ ಕಂಡರೂ ಒಳಗೆ ಅತಿ ವಿಶಾಲವಾದ ‘ಟಾರ್ಡಿಸ್’ ಎಂಬ ನೌಕೆಯಲ್ಲಿ ಅವನು ಕಾಲದೇಶಗಳನ್ನು ದಾಟಿ ಸಂಚರಿಸುತ್ತಾನೆ.

ಆರಂಭ

ಬಿ.ಬಿ.ಸಿ. ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕೆನಡಾದ ಸಿಡ್ನಿ ನ್ಯೂಮನ್ ಅವರು ಶನಿವಾರ ಸಂಜೆ ಮನೆಮಂದಿಯೆಲ್ಲ ಕುಳಿತು ನೋಡುವಂತಹ ಸರಣಿಯೊಂದನ್ನು ಬಯಸಿದರು. ನಿರ್ಮಾಣದ ಹೊಣೆಯನ್ನು ವೆರಿಟಿ ಲ್ಯಾಂಬರ್ಟ್ ಎಂಬ 27 ವರ್ಷದ ಯುವತಿಗೆ ಒಪ್ಪಿಸಿದರು. ಮೊದಲ ಕಥೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. ಇವರು 1938ರಲ್ಲಿ ನಮ್ಮ ಲಖನೌ ನಗರದಲ್ಲಿ ಜನಿಸಿದವರು, ಲೇಖಕಿ ಅತಿಯಾ ಹುಸೇನ್ ಅವರ ಪುತ್ರ ಎಂಬುದನ್ನು ನಾವು ಇಲ್ಲಿ ಸ್ಮರಿಸಬೇಕು.

ಮೊದಲು ಚಿತ್ರೀಕರಿಸಿದ ಕಂತು ನ್ಯೂಮನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಹೊಸದಾಗಿ ಚಿತ್ರೀಕರಿಸಿ 1963ರ ನವೆಂಬರ್ 23ರಂದು ಪ್ರಸಾರ ಮಾಡಲಾಯಿತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿದ್ದುದರಿಂದ ಜನರ ಗಮನ ಬೇರೆಡೆಗಿತ್ತು. ಮರುವಾರ ಎರಡನೆಯ ಕಂತಿಗೆ ಮುನ್ನ ಮೊದಲ ಕಂತನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಅದೇ ಡಿಸೆಂಬರಿನಲ್ಲಿ ತೆರೆಗೆ ಬಂದ ‘ಡಾಲೆಕ್’ ಎಂಬ ಲೋಹಕವಚದ ಜೀವಿಗಳು ಸರಣಿಗೆ ಅಪಾರ ಜನಪ್ರಿಯತೆ ತಂದುಕೊಟ್ಟವು. ವಿಕಾರ ರೂಪದ ರಾಕ್ಷಸರು ಬೇಡವೆಂದಿದ್ದವರು ಸ್ವತಃ ನ್ಯೂಮನ್ ಅವರೇ!

ನಾಯಕನ ಬದಲಾವಣೆ

ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕ್ಷೀಣಿಸಿದಾಗ ಸರಣಿಯನ್ನು ಮುಗಿಸುವುದು ಸಹಜವಾಗಿತ್ತು. ಆದರೆ ನಾಯಕ ತನ್ನ ಜೀರ್ಣದೇಹವನ್ನು ತೊರೆದು ಹೊಸ ದೇಹ ಪಡೆಯುತ್ತಾನೆಂಬ ಉಪಾಯವನ್ನು ತಯಾರಕರು ಹೂಡಿದರು. 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಆ ಸ್ಥಾನಕ್ಕೆ ಬಂದರು. ಧಾರಾವಾಹಿಯ ದೀರ್ಘಾಯುಷ್ಯದ ಗುಟ್ಟು ಇದೇ ಎಂದು ನಾವು ಭಾವಿಸುತ್ತೇವೆ. 1970ರಲ್ಲಿ ಬಣ್ಣ ಬಂದಿತು. 1989ರಲ್ಲಿ ನಿಯಮಿತ ಪ್ರಸಾರ ನಿಂತಿತು. 1996ರಲ್ಲಿ ಒಂದು ದೂರದರ್ಶನ ಚಲನಚಿತ್ರವಷ್ಟೇ ಬಂದಿತು. 2005ರಲ್ಲಿ ರಸೆಲ್ ಟಿ. ಡೇವಿಸ್ ಅವರ ಸಾರಥ್ಯದಲ್ಲಿ ವೇಲ್ಸ್‌ನಲ್ಲಿ ತಯಾರಾಗಿ ಸರಣಿ ಪುನರ್ಜನ್ಮ ಪಡೆಯಿತು. ಜೋಡಿ ವಿಟಕರ್ ಅವರು ಸರಣಿಯ ನಾಯಕಪಾತ್ರ ವಹಿಸಿದ ಮೊದಲ ಮಹಿಳೆಯಾಗಿ 2018ರಿಂದ 2022ರವರೆಗೆ ಅಭಿನಯಿಸಿದರು.

ಅಳಿದುಹೋದ ಕಂತುಗಳು

ಇಷ್ಟು ಕಾಳಜಿಯಿಂದ ಬೆಳೆಸಿದ ಕೃತಿಯನ್ನು ಸಂಸ್ಥೆಯೇ ಅಳಿಸಿತೆಂಬುದು ವಿಷಾದದ ಸಂಗತಿ. ಅಂದು ವಿಡಿಯೋ ಟೇಪು ಬಲು ದುಬಾರಿ. ಹಳೆಯ ಕಾರ್ಯಕ್ರಮವನ್ನು ಮತ್ತೆ ಯಾರು ನೋಡುವರೆಂಬ ಭಾವನೆಯಿಂದ ಅದನ್ನು ಅಳಿಸಿ ಟೇಪನ್ನು ಮರುಬಳಕೆ ಮಾಡುತ್ತಿದ್ದರು. ವಿದೇಶಗಳಿಗೆ ಮಾರಲು ತೆಗೆದಿದ್ದ ಫಿಲ್ಮ್ ಪ್ರತಿಗಳೂ ಹಕ್ಕಿನ ಅವಧಿ ಮುಗಿದಂತೆ ನಾಶವಾದವು. 1978ರ ಹೊತ್ತಿಗೆ ಈ ಪರಿಪಾಠ ನಿಂತಿತು. ಅಷ್ಟರಲ್ಲಿ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ನೂರಕ್ಕೂ ಹೆಚ್ಚು ಕಣ್ಮರೆಯಾಗಿದ್ದವು.

ಅಂದಿನಿಂದ ಶೋಧ ನಡೆಯುತ್ತಲೇ ಇದೆ. 1990ರ ದಶಕದ ಆರಂಭದಲ್ಲಿ ಹಾಂಕಾಂಗ್‌ನಿಂದ ಒಂದು ಇಡೀ ಕಥೆ ಮರಳಿತು. ನೈಜೀರಿಯಾದಲ್ಲಿ ಒಂಬತ್ತು ಕಂತುಗಳು ದೊರೆತಿವೆಯೆಂದು 2013ರಲ್ಲಿ ಪ್ರಕಟವಾಯಿತು. ಆದರೂ ತೊಂಬತ್ತಕ್ಕೂ ಹೆಚ್ಚು ಕಂತುಗಳ ದೃಶ್ಯ ಇನ್ನೂ ಸಿಕ್ಕಿಲ್ಲ.

ಆದರೆ ಅವೆಲ್ಲವುಗಳ ಧ್ವನಿ ಮಾತ್ರ ಉಳಿದಿದೆ. ಪ್ರಸಾರದ ಸಮಯದಲ್ಲಿ ಕೆಲವು ವೀಕ್ಷಕರು ತಮ್ಮ ಮನೆಗಳಲ್ಲಿ ಟೇಪ್ ರೆಕಾರ್ಡರ್ ಹಚ್ಚಿ ಮುದ್ರಿಸಿಕೊಂಡಿದ್ದರು. ಅದೇ ಧ್ವನಿಗೆ ಚಲಿಸುವ ಚಿತ್ರಗಳನ್ನು ಜೋಡಿಸಿ ಹಲವು ಕಥೆಗಳನ್ನು ಮತ್ತೆ ಹೊರತರಲಾಗಿದೆ. ದೊಡ್ಡ ಸಂಸ್ಥೆ ಕಳೆದುಕೊಂಡುದನ್ನು ಸಾಮಾನ್ಯ ಮನೆಗಳು ಕಾಪಾಡಿದವು. ಈ ಇತಿಹಾಸದಲ್ಲಿ ನಮಗೆ ಅತಿ ಮುಖ್ಯವೆನಿಸುವ ಸಂಗತಿ ಇದೇ.