ತಗಡು ಹೊತ್ತ ಭಾರ

ಬಸ್ಸನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವವರ ವಿಡಿಯೋಗಳನ್ನು ರಾತ್ರಿ ಊಟ ಆದ್ಮೇಲೆ ನೀವೂ ನೋಡಿರ್ತೀರಿ. ಅಮೆರಿಕದಲ್ಲಿ ಹಳೇ ಹಳದಿ ಸ್ಕೂಲ್ ಬಸ್ಸು ಕೊಂಡು, ಸೀಟು ಕಿತ್ತು, ಮಂಚ, ಅಡುಗೆಕಟ್ಟೆ, ಸೋಲಾರ್ ಎಲ್ಲ ಕೂರಿಸ್ತಾರೆ. ಇಂಥ ಬಸ್ಸಿಗೆ ಮುದ್ದಾಗಿ 'ಸ್ಕೂಲಿ' ಅಂತ ಹೆಸರು. ವಿಡಿಯೋದ ಮುಕ್ಕಾಲು ಪಾಲು ಒಳಗಿನ ಮರಗೆಲಸ, ಪರದೆಯ ಬಣ್ಣ, ಕಾಫಿ ಮಾಡೋ ಮೂಲೆ. ಹೊರಗಿನ ಪಕ್ಕದ ತಗಡು ಬದಲಾಯಿಸಿದ್ದು ಮಾತ್ರ ಹಾಡು ಹಾಕಿ, ಫಾಸ್ಟ್ ಫಾರ್ವರ್ಡ್ ಮಾಡಿ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತೆ. ನನಗೆ ಆ ಇಪ್ಪತ್ತು ಸೆಕೆಂಡಿನ ಬಗ್ಗೆ ಹೇಳೋದಿದೆ. ಅದರ ಹಿಂದೆ ಸುಮಾರು ನೂರು ವರ್ಷದ ಚರಿತ್ರೆ ಇದೆ.

ತಗಡು ಬದಲಾಯಿಸಲು ಕಾರಣ ಸಾಮಾನ್ಯವಾಗಿ ಮೂರು. ಚಳಿದೇಶದ ರಸ್ತೆಗೆ ಸುರಿಯುವ ಉಪ್ಪಿನಿಂದ ಕೆಳಗಿನ ಅಂಚು ತುಕ್ಕು ಹಿಡಿದಿರುತ್ತೆ. ಇಲ್ಲವೇ ಅಷ್ಟೊಂದು ಕಿಟಕಿ ಮನೆಗೆ ಬೇಡ, ಮುಚ್ಚಬೇಕು. ಇಲ್ಲವೇ ತಲೆ ತಾಗುತ್ತೆ ಅಂತ ಚಾವಣಿಯನ್ನೇ ಕತ್ತರಿಸಿ ಒಂದೂವರೆ ಎರಡು ಅಡಿ ಮೇಲಕ್ಕೆತ್ತಿ, ನಡುವೆ ಹೊಸ ತಗಡು ಹೊಡೆಯಬೇಕು. ಮೂರರಲ್ಲೂ ಮೊದಲ ಪ್ರಶ್ನೆ ಒಂದೇ: ಈ ತಗಡು ಬಸ್ಸಿನ ಬಟ್ಟೆಯೋ, ಮೂಳೆಯೋ?

ಶುರುವಿನಲ್ಲಿ ಅದು ಬಟ್ಟೆಯೇ ಆಗಿತ್ತು. ಬಸ್ಸಿನ ಬಾಡಿ ಕಟ್ಟುತ್ತಿದ್ದವರು ಕುದುರೆಗಾಡಿ ಮಾಡುತ್ತಿದ್ದ ಬಡಗಿಗಳು. ಅಮೆರಿಕದ ವೇಯ್ನ್ ವರ್ಕ್ಸ್ ಕಂಪನಿ ಮಕ್ಕಳನ್ನು ಶಾಲೆಗೆ ಒಯ್ಯುವ ಕುದುರೆಗಾಡಿ ಮಾಡುತ್ತಾ ಬಂದು, ಆಮೇಲೆ ಅದೇ ಮರದ ಪೆಟ್ಟಿಗೆಯನ್ನು ಮೋಟಾರು ಚಾಸಿಯ ಮೇಲೆ ಕೂರಿಸಿತು. ಭಾರವೆಲ್ಲ ಕೆಳಗಿನ ಚಾಸಿಯದ್ದು, ಆಕಾರ ಮರದ್ದು. ತಗಡು ಹೊಡೆದಿದ್ದರೂ ಅದು ಮಳೆ ಬಿಸಿಲಿಗೆ ಅಷ್ಟೇ.

ಈ ಪದ್ಧತಿಯ ಮಿತಿ ಜಾರ್ಜಿಯಾ ರಾಜ್ಯದ ಒಬ್ಬ ಫೋರ್ಡ್ ಡೀಲರಿಗೆ ಗೊತ್ತಾಯ್ತು. ಆತ ಆಲ್ಬರ್ಟ್ ಲೂಸ್. 1925ರಲ್ಲಿ ಗಿರಾಕಿಯೊಬ್ಬನಿಗೆ ಕೆಲಸಗಾರರನ್ನು ಸಾಗಿಸಲು ಮರದ ಬಾಡಿಯ ಬಸ್ಸು ಮಾರಿದ. ಅಲ್ಲಿಯ ಹಳ್ಳಿ ರಸ್ತೆಗೆ ಬಾಡಿ ಬೇಗನೇ ಬಿಚ್ಚಿಕೊಂಡು ಹೋಯ್ತು. ಮಣ್ಣುರಸ್ತೆಯ ಬಸ್ಸಿನಲ್ಲಿ ಕಾಲೇಜಿಗೆ ಓಡಾಡಿದ ನನಗೆ ಇದನ್ನು ಊಹಿಸಲು ಕಷ್ಟ ಇಲ್ಲ. ಗುಂಡಿಗೆ ಇಳಿದಾಗ ಚಕ್ರಕ್ಕಿಂತ ಮೊದಲು ಕಿಟಕಿ ಕೂಗುತ್ತಿತ್ತು. ಲೂಸ್ ಸುಮ್ಮನಾಗಲಿಲ್ಲ, 1927ರಲ್ಲಿ ಉಕ್ಕಿನ ಚೌಕಟ್ಟಿನ ಬಸ್ಸು ಕಟ್ಟಿದ. ಅದೇ 'ಬ್ಲೂ ಬರ್ಡ್' ಕಂಪನಿಯ ಮೊದಲ ಬಸ್ಸು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ 1963ರಲ್ಲಿ ಇದೇ ಕಂಪನಿ ತನ್ನ ಸ್ಕೂಲ್ ಬಸ್ಸಿನ ಬಾಡಿಯನ್ನೇ ಬಳಸಿ ಮೋಟಾರ್‌ಹೋಮ್ ಮಾಡಿತು. 'ವಾಂಡರ್‌ಲಾಡ್ಜ್' ಅನ್ನೋ ಹೆಸರು ಆಮೇಲೆ ಬಂತು. ಅಂದ್ರೆ ಯೂಟ್ಯೂಬಿನವರು ಮಾಡ್ತಿರೋದನ್ನು ಬಸ್ಸು ಕಟ್ಟುವವರೇ ಅರವತ್ತು ವರ್ಷದ ಹಿಂದೆ ಮಾಡಿ ಮಾರಿದ್ದಾರೆ.

ತಗಡು ಮೂಳೆಯಾಗಿದ್ದು ವಿಮಾನದಿಂದ. ಗೋಡೆಗೆ ತೂಗುಹಾಕೋ ದೇವರ ಫೋಟೋದ ಕಟ್ಟು ನೆನಪು ಮಾಡಿಕೊಳ್ಳಿ. ಗಾಜು, ಹಿಂದಿನ ಹಲಗೆ ತೆಗೆದು ಬರೀ ನಾಲ್ಕು ಮರದ ಪಟ್ಟಿ ಹಿಡಿದು ಮೂಲೆಯಿಂದ ಒತ್ತಿದರೆ ಓರೆಯಾಗುತ್ತೆ. ಹಿಂದೆ ಒಂದು ತೆಳು ಹಲಗೆ ಇಟ್ಟು ಸುತ್ತ ಮೊಳೆ ಹೊಡೀರಿ, ಆಮೇಲೆ ಅಲುಗಾಡಲ್ಲ. ಹಲಗೆ ದಪ್ಪ ಇರಬೇಕಾಗಿಲ್ಲ, ಮೊಳೆ ಮಾತ್ರ ಸುತ್ತ ಇರಬೇಕು. ನಾಲ್ಕು ಮೂಲೆಗೆ ನಾಲ್ಕೇ ಮೊಳೆ ಹೊಡೆದರೆ ಒತ್ತಡವೆಲ್ಲ ಆ ನಾಲ್ಕು ತೂತಿನ ಮೇಲೆ ಬಿದ್ದು ಹಲಗೆ ಅಲ್ಲಿಂದಲೇ ಸೀಳುತ್ತೆ. ವಿಮಾನದ ರೆಕ್ಕೆ, ಹೊಟ್ಟೆ ಎಲ್ಲ ಇದೇ ಲೆಕ್ಕ: ತೆಳು ಅಲ್ಯುಮಿನಿಯಂ, ಒಳಗೆ ಸಣ್ಣ ಪಕ್ಕೆಲುಬು, ಸಾಲು ಸಾಲು ರಿವೆಟ್ಟು.

ಈ ವಿದ್ಯೆ ರಸ್ತೆಗಿಳಿದದ್ದು 1930ರ ದಶಕದಲ್ಲಿ, ಅದೂ ಮೊದಲು ಮನೆಗಾಡಿಯಾಗಿ. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣ ನೋಡಿಕೊಂಡಿದ್ದ ಹಾಲಿ ಬೌಲಸ್ 1934ರಲ್ಲಿ ಅಲ್ಯುಮಿನಿಯಂ ಟ್ರೇಲರ್ ಮಾಡಿದ. 1936ರಲ್ಲಿ ವಾಲಿ ಬೈಯಮ್‌ನ ಏರ್‌ಸ್ಟ್ರೀಮ್ ಕ್ಲಿಪ್ಪರ್ ಬಂತು, ಇವತ್ತಿಗೂ ಬೆಳ್ಳಿ ಮಾತ್ರೆಯ ಹಾಗೆ ಹೊಳೆಯುವ ಆ ಗಾಡಿಗಳ ಮೂಲ. ಅದೇ ವರ್ಷ ಯೆಲ್ಲೋ ಕೋಚ್ ಕಂಪನಿ ಗ್ರೇಹೌಂಡಿಗೆ ಹೊಸ ಮಾದರಿಯ ಬಸ್ಸು ಕೊಟ್ಟಿತು. ಎಂಜಿನ್ ಹಿಂದಕ್ಕೆ ಹೋಯ್ತು, ಸಾಮಾನು ಚಾವಣಿಯಿಂದ ಇಳಿದು ಸೀಟಿನ ಅಡಿಗೆ ಬಂತು. ಕೆಳಗೆ ಲಾರಿಯ ಹಾಗೆ ಉದ್ದಕ್ಕೂ ಚಾಸಿ ಮಲಗಿದ್ದರೆ ಇದಕ್ಕೆಲ್ಲ ಜಾಗ ಎಲ್ಲಿ? ಚಾಸಿ ಹೋಯ್ತು, ಅದರ ಕೆಲಸ ಪಕ್ಕದ ಗೋಡೆಗಳ ಪಾಲಿಗೆ ಬಂತು. ಇದೇ ದಾರಿಯಲ್ಲಿ ಜನರಲ್ ಮೋಟರ್ಸ್ 1953ರಲ್ಲಿ ತಂದ ಪಿಡಿ-4104 ಐದು ಸಾವಿರಕ್ಕೂ ಹೆಚ್ಚು ತಯಾರಾಗಿ, ರಿಟೈರಾದ ಮೇಲೆ ಮೋಟಾರ್‌ಹೋಮ್ ಮಾಡುವವರ ಕಣ್ಮಣಿಯಾಯ್ತು.

ಗೋಡೆಗೆ ಇಷ್ಟು ಕೆಲಸ ಕೊಟ್ಟರೆ ಗೋಡೆ ಮಾತಾಡುತ್ತೆ. 1954ರಿಂದ 56ರ ನಡುವೆ ಗ್ರೇಹೌಂಡಿಗಾಗಿ ತಯಾರಾದ 'ಸೀನಿಕ್ರೂಸರ್' ಒಟ್ಟು 1001. ನಲವತ್ತಡಿ ಉದ್ದ, ಹಿಂದಿನ ಸೀಟುಗಳು ಒಂದು ಮೆಟ್ಟಿಲು ಎತ್ತರ, ಮೊದಲಿಗೆ ಎರಡು ಎಂಜಿನ್. ನೋಡಲು ರಾಜಗಾಂಭೀರ್ಯ. ಆದರೆ ಕೆಲವೇ ವರ್ಷದಲ್ಲಿ ಬಾಡಿಯಲ್ಲಿ ಬಿರುಕು ಕಾಣಿಸಿತು. 1961–62ರಲ್ಲಿ ಉಳಿದ ಬಸ್ಸುಗಳನ್ನೆಲ್ಲ ಮಾರ್ಮನ್-ಹೆರಿಂಗ್ಟನ್ ಕಂಪನಿಗೆ ಕೊಟ್ಟು, ಒಂದೇ ಎಂಜಿನ್ ಹಾಕಿಸಿ, ಬಾಡಿಗೂ ಬಲ ಕೊಡಿಸಬೇಕಾಯ್ತು. ದುಡ್ಡಿರುವ ಕಂಪನಿ, ಹೆಸರಾಂತ ಎಂಜಿನಿಯರುಗಳು, ಆದರೂ ಪಕ್ಕದ ಗೋಡೆಯ ಲೆಕ್ಕ ಅಷ್ಟು ಸುಲಭವಾಗಿ ಬಗ್ಗಲಿಲ್ಲ.

ಯುದ್ಧ ಮುಗಿದು ವಿಮಾನದ ಆರ್ಡರು ನಿಂತಾಗ ಈ ವಿದ್ಯೆ ಕಲಿತ ಕೈಗಳಿಗೆ ಬೇರೆ ಕೆಲಸ ಬೇಕಾಯ್ತು. ನ್ಯಾಶ್‌ವಿಲ್‌ನ ಕಾನ್ಸಾಲಿಡೇಟೆಡ್ ವಲ್ಟೀ ವಿಮಾನ ಕಾರ್ಖಾನೆಯಲ್ಲಿ ಎಸಿಎಫ್-ಬ್ರಿಲ್ ಬಸ್ಸುಗಳು ತಯಾರಾದವು. ನಮ್ಮ ಬೆಂಗಳೂರಿನಲ್ಲೂ ಆದದ್ದು ಅದೇ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಅದೇ ಶೆಡ್ಡುಗಳಲ್ಲಿ ರೈಲು ಬೋಗಿ ಮತ್ತು ಬಸ್ಸಿನ ಬಾಡಿ ಕಟ್ಟಿದರು. ರೈಲು ಬೋಗಿಯ ವಿಭಾಗವೇ ಮುಂದೆ ಬಿಇಎಂಎಲ್ ಆಯ್ತು. ಹಳೇ ಮದ್ರಾಸ್ ರಸ್ತೆ ಟ್ರಾಫಿಕ್ಕಿನಲ್ಲಿ ಕೂತು ಬಯ್ಯುವವರು ಸ್ವಲ್ಪ ತಿರುಗಿ ನೋಡಬಹುದು, ಮೆಟ್ರೊ ಬೋಗಿಯ ಅಜ್ಜನ ಮನೆ ಆ ಕಡೆಗೇ ಇದೆ.

ಸ್ಕೂಲ್ ಬಸ್ಸಿನ ದಾರಿ ಬೇರೆ. ಅದಕ್ಕೆ ಇವತ್ತಿಗೂ ಕೆಳಗೆ ಲಾರಿಯ ಚಾಸಿಯೇ, ಮೇಲೆ ಉಕ್ಕಿನ ಬಾಡಿ. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ಸೈರ್ ಕರೆದ ಸಭೆಯಲ್ಲಿ ಬಣ್ಣ, ಉದ್ದ, ಚಾವಣಿಯ ಎತ್ತರ, ನಡುವಿನ ದಾರಿಯ ಅಗಲ ಎಲ್ಲ ನಿಗದಿಯಾಯ್ತು. ಎರಡು ತಗಡು ಸೇರುವ ಜಾಗ ಎಷ್ಟು ಗಟ್ಟಿ ಇರಬೇಕು ಅನ್ನೋದಕ್ಕೆ ಕಾನೂನು ಬರಲು ಇನ್ನೂ ನಾಲ್ಕು ದಶಕ ಬೇಕಾಯ್ತು.

ಅಷ್ಟರೊಳಗೆ ಅಪಘಾತಗಳಾದವು. ಅಲಬಾಮಾದ ಡೆಕೇಟರ್ ಮತ್ತು ಹಂಟ್ಸ್‌ವಿಲ್‌ನಲ್ಲಿ ನಡೆದ ಎರಡು ಅಪಘಾತಗಳನ್ನು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಪರಿಶೀಲಿಸಿ 1970ರಲ್ಲಿ ವರದಿ ಕೊಟ್ಟಿತು. ಮುಖ್ಯ ವಿಷಯ ಬಾಡಿಯ ಜೋಡಣೆ. ತಗಡು ಸಾಕಷ್ಟು ಗಟ್ಟಿ ಇತ್ತು, ಹಿಡಿದಿಟ್ಟ ರಿವೆಟ್ಟುಗಳು ಸಾಲದಾಗಿದ್ದವು. ಢಿಕ್ಕಿ ಹೊಡೆದಾಗ ಜೋಡಣೆ ಬಿಟ್ಟುಕೊಂಡರೆ ಬರೀ ಗೋಡೆ ಬಾಯಿ ತೆರೆಯೋದಲ್ಲ, ಬಿಚ್ಚಿದ ತಗಡಿನ ಅಂಚು ಕುಡುಗೋಲಾಗುತ್ತೆ. ಒಳಗಿರುವವರು ಮಕ್ಕಳು.

1974ರಲ್ಲಿ ಸಂಸತ್ತು ಕಾಯ್ದೆ ತಂದಿತು. 1977ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಲ್ಲಿ 221ನೇದು ಬಾಡಿಯ ಜೋಡಣೆಯದ್ದು: ಎರಡು ತಗಡು ಸೇರುವಲ್ಲಿ, ಅವೆರಡರಲ್ಲಿ ದುರ್ಬಲವಾದ ತಗಡಿನ ಎಳೆತದ ಬಲದ 60 ಪ್ರತಿಶತವನ್ನಾದರೂ ಜೋಡಣೆ ತಡೆಯಬೇಕು. ಎರಡೇ ಸಾಲಿನ ನಿಯಮ. ಹೊಸ ಬಸ್ಸುಗಳ ಮೈಮೇಲೆ ರಾಗಿ ಚೆಲ್ಲಿದ ಹಾಗೆ ರಿವೆಟ್ಟು ಕಾಣೋದರ ಹಿಂದೆ ಅದಿದೆ.

ಆ ತಾರೀಕು ಎಷ್ಟು ಮುಖ್ಯ ಅಂದ್ರೆ, 1988ರ ಮೇ 14ರಂದು ಕೆಂಟಕಿಯ ಕ್ಯಾರೊಲ್ಟನ್ ಬಳಿ ಚರ್ಚಿನ ಮಕ್ಕಳ ಗುಂಪಿದ್ದ ಹಳೇ ಸ್ಕೂಲ್ ಬಸ್ಸಿಗೆ ಕುಡುಕನೊಬ್ಬ ಎದುರಿನಿಂದ ಬಂದು ಗುದ್ದಿದ. 27 ಜನ ಸತ್ತರು. ಕೊಂದಿದ್ದು ಗುದ್ದಿದ ಪೆಟ್ಟಲ್ಲ, ಸೀಳಿದ ಇಂಧನ ಟ್ಯಾಂಕಿನ ಬೆಂಕಿ ಮತ್ತು ಹೊಗೆ. ಟ್ಯಾಂಕಿಗೆ ರಕ್ಷಣೆ ಬೇಕು ಅನ್ನೋ ನಿಯಮವೂ ಅದೇ ಏಪ್ರಿಲ್ 1ರದ್ದು. ಆ ಬಸ್ಸಿನ ಚಾಸಿ ತಯಾರಾಗಿದ್ದು ಮಾರ್ಚ್ 23ಕ್ಕೆ. ಹಳೇ ಬಸ್ಸು ಕೊಳ್ಳುವವರು ಬಾಗಿಲ ಹತ್ತಿರದ ಫಲಕದಲ್ಲಿ ತಯಾರಿಕೆ ತಾರೀಕು ನೋಡಬೇಕು ಅಂತ ನಾನು ಹೇಳೋದು ಇದಕ್ಕೇ.

ಕೆಲಸದ ಮೇಲೆ ನಾನು ನಾರ್ತ್ ಕ್ಯಾರೊಲಿನಾದಲ್ಲಿ ಎಂಟು ತಿಂಗಳು ಇದ್ದಾಗ ಟೀಮಿನ ಸಹೋದ್ಯೋಗಿಯೊಬ್ಬ ಇಂಥದ್ದೇ ಬಸ್ಸು ಬಿಚ್ಚುತ್ತಿದ್ದ. ಎಡಪಕ್ಕದ ಕೆಳಸಾಲು ಪೂರ್ತಿ ತುಕ್ಕು, ಮೇಲೆ ನಾಲ್ಕು ಕಿಟಕಿ ಮುಚ್ಚಬೇಕು. ಮೊದಲ ತಗಡು ಕಿತ್ತಾಗ ತೂತು ಎಣಿಸಿದೆವು, ನೂರ ಹನ್ನೆರಡು. "ಇಷ್ಟೆಲ್ಲ ಯಾಕೆ? ಒಂದು ಬಿಟ್ಟು ಒಂದು ಹೊಡೆದರೆ ಸಾಲದಾ? ಪಾಪ್ ರಿವೆಟ್ಟಾದರೆ ಒಬ್ಬನೇ ಮುಗಿಸ್ತೀನಿ" ಅಂದ. ಆ ಗೋಡೆಯ ಒಳಪಕ್ಕಕ್ಕೆ ಅವನ ಇಬ್ಬರು ಮಕ್ಕಳ ಬಂಕ್ ಮಂಚ ಬರೋದಿತ್ತು. ನಾನು 60 ಪ್ರತಿಶತದ ನಿಯಮ ತೆಗೆದು ತೋರಿಸಿದೆ. ಸ್ವಂತ ಮನೆ ಮಾಡಿಕೊಳ್ಳುವವನಿಗೆ ಆ ನಿಯಮ ಅನ್ವಯಿಸಲ್ಲ ಅಂತ ಅವನೂ ಓದಿಕೊಂಡಿದ್ದ. ಸ್ವಲ್ಪ ಹೊತ್ತು ಬಂಕಿನ ನಕ್ಷೆ ನೋಡ್ತಾ ಕೂತ. ಆಮೇಲೆ ಗಟ್ಟಿ ರಿವೆಟ್ಟಿನ ಡಬ್ಬ ತರಿಸಿದ.

ಪಾಪ್ ರಿವೆಟ್ಟು ಕೆಟ್ಟದ್ದಲ್ಲ, ಆದರೆ ಸಾಮಾನ್ಯ ಪಾಪ್ ರಿವೆಟ್ಟು ಟೊಳ್ಳು. ಗಟ್ಟಿ ರಿವೆಟ್ಟಿಗೆ ಇಬ್ಬರು ಬೇಕು. ಹೊರಗಿನಿಂದ ಒಬ್ಬ ಗಾಳಿಯ ಸುತ್ತಿಗೆಯಿಂದ ಹೊಡೆದರೆ ಒಳಗಿನಿಂದ ಇನ್ನೊಬ್ಬ ಭಾರದ ಉಕ್ಕಿನ ತುಂಡನ್ನು ಬಾಲಕ್ಕೆ ಒತ್ತಿ ಹಿಡೀಬೇಕು, ಆಗ ಬಾಲ ಚಪ್ಪಟೆಯಾಗಿ ತೂತು ಪೂರ್ತಿ ತುಂಬಿಕೊಳ್ಳುತ್ತೆ. ನನ್ನ ಪಾಲಿಗೆ ಒಳಗಿನ ಕೆಲಸ. ಸದ್ದಿಗೆ ಮಾತು ಕೇಳಲ್ಲ, ಹಾಗಾಗಿ ವಿಮಾನ ಕಾರ್ಖಾನೆಯವರ ಹಳೇ ಭಾಷೆ ಬಳಸಿದೆವು: ತಗಡಿಗೆ ಒಂದು ಸಲ ಕುಟ್ಟಿದರೆ 'ಇನ್ನೂ ಹೊಡಿ', ಎರಡು ಸಲ 'ಸರಿಯಾಯ್ತು', ಮೂರು ಸಲ 'ಕೆಟ್ಟಿತು, ತೆಗಿ'. ಮೂರು ಭಾನುವಾರ ಬೇರೆ ಮಾತೇ ಇರಲಿಲ್ಲ.

ಒಂದು ತಗಡು ಕಿತ್ತು, ಒಂದು ಹಾಕಿ, ಆಮೇಲೇ ಮುಂದಿನದು. ಎಲ್ಲ ಒಟ್ಟಿಗೆ ಕಿತ್ತರೆ ಚೌಕಟ್ಟು ಆ ಫೋಟೋ ಕಟ್ಟಿನ ಹಾಗೆ ವಾಲುತ್ತೆ, ಹಿಂದಿನ ಬಾಗಿಲು ಮುಚ್ಚಲ್ಲ. ರನ್ ಆಗ್ತಿರೋ ಸಿಸ್ಟಮ್ಮಿನಲ್ಲಿ ಮಾಡ್ಯೂಲು ಬದಲಾಯಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಳಗಿನ ಪ್ಲೈವುಡ್ ಹೊಡೆಯುವ ಮುಂಚೆಯೇ ಇದೆಲ್ಲ ಮುಗೀಬೇಕು, ಆಮೇಲೆ ಉಕ್ಕಿನ ತುಂಡು ಹಿಡಿಯಲು ಕೈ ಹೋಗಲ್ಲ.

ಹಗುರ ಅಂತ ಅಲ್ಯುಮಿನಿಯಂ ಹಾಕೋಣವಾ ಅಂತಲೂ ಚರ್ಚೆಯಾಯ್ತು. ಲೆಕ್ಕ ಹಾಕಿದೆ. ಮೂರು ಮೀಟರಿನ ತಗಡು, ಚಳಿಗೂ ಬೇಸಿಗೆಗೂ 40 ಡಿಗ್ರಿ ವ್ಯತ್ಯಾಸ: ಅಲ್ಯುಮಿನಿಯಂ ಸುಮಾರು 2.8 ಮಿಲಿಮೀಟರ್ ಹಿಗ್ಗುತ್ತೆ, ಕೆಳಗಿನ ಉಕ್ಕು ಸುಮಾರು 1.4. ಉಳಿದದ್ದು ರಿವೆಟ್ಟಿನ ಮೇಲೆ ಬೀಳುತ್ತೆ, ಇಲ್ಲವೇ ತಗಡು ಉಬ್ಬುತ್ತೆ. ಜೊತೆಗೆ ಎರಡು ಲೋಹದ ನಡುವೆ ನೀರು ನಿಂತರೆ ಅಲ್ಯುಮಿನಿಯಂ ಬಿಳಿಪುಡಿಯಾಗಿ ಉದುರುತ್ತೆ. ಉಕ್ಕಿಗೆ ಉಕ್ಕೇ ಇರಲಿ ಅಂತಾಯ್ತು: 16 ಗೇಜಿನ, ಸತು ಬಳಿದ ತಗಡು, ಅಂಚಿಗೆಲ್ಲ ಸೀಲೆಂಟ್. ಹೊರಗಿನ ಉದ್ದನೆಯ ಕಪ್ಪು ಪಟ್ಟಿಗಳನ್ನು ಅಲಂಕಾರ ಅಂತ ತೆಗೆದುಬಿಡುವವರಿದ್ದಾರೆ. ಅವೂ ಬಲಕ್ಕೇ ಇರೋದು, ಮತ್ತೆ ಸೀಟು ಮತ್ತು ನೆಲ ಯಾವ ಮಟ್ಟದಲ್ಲಿದೆ ಅಂತ ಹೊರಗಿನಿಂದ ಕತ್ತರಿಸುವ ಅಗ್ನಿಶಾಮಕ ದಳದವರಿಗೆ ಅದೇ ಗುರುತು. ನಾವು ಪಟ್ಟಿಗಳನ್ನು ಅದೇ ಎತ್ತರಕ್ಕೆ ವಾಪಸ್ ಹಾಕಿದೆವು.

ಎಲ್ಲ ಬಸ್ಸಿಗೂ ಇದೇ ಲೆಕ್ಕ ಅಲ್ಲ. 1951ರಲ್ಲಿ ಜರ್ಮನಿಯ ಕೇಸ್‌ಬೋರರ್ ಕಂಪನಿ 'ಸೆಟ್ರಾ' ಎಸ್8 ತಂದಿತು. ಹೆಸರಿನ ಅರ್ಥವೇ 'ತನ್ನನ್ನು ತಾನೇ ಹೊರುವುದು'. ಅಲ್ಲಿಂದ ಮುಂದೆ ಕೊಳವೆಗಳ ಜಾಲವೇ ಭಾರ ಹೊರುವ ಬಸ್ಸುಗಳು ಹೆಚ್ಚಾಗಿ, ಪಕ್ಕದ ತಗಡು ಎಷ್ಟೋ ಕಡೆ ಮತ್ತೆ ಬಟ್ಟೆಯಾಯ್ತು, ಈಗ ಅಂಟು ಹಾಕಿ ಕೂರಿಸುತ್ತಾರೆ. ಹಾಗಾಗಿ ಡ್ರಿಲ್ ಎತ್ತಿಕೊಳ್ಳುವ ಮುಂಚೆ ನಿಮ್ಮ ಬಸ್ಸು ಯಾವ ಕಾಲದ್ದು, ಯಾರ ಪಂಥದ್ದು ಅಂತ ತಿಳೀಬೇಕು. ನಮ್ಮಲ್ಲಿ ಅದಕ್ಕೂ ಮುಂಚೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ, ನೋಂದಾಯಿಸಿದ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಬಿಡಲ್ಲ. ಆಮೇಲೆ ಒಳ್ಳೇ ಟಿಂಕರಿಂಗ್ ಶೆಡ್ಡು ಹುಡುಕಿ.

ನಾನು ವಾಪಸ್ ಹೊರಡುವ ವಾರ ಎಡಗೋಡೆ ಮುಗಿದಿತ್ತು. ಬಲಗಡೆಯದ್ದು ಅವನ ಹೆಂಡತಿ ಒಳಗಿಂದ ಹಿಡಿದರಂತೆ.