ಚದರಡಿಯ ಲೆಕ್ಕ

ಸರ್ವರ್ ಸ್ವಂತದ್ದು, ಜಾಗ ಬಾಡಿಗೆಯದು. ಈ ವ್ಯಾಪಾರದ ಮೊದಲ ದೊಡ್ಡ ಹೆಸರುಗಳಲ್ಲಿ ಒಂದು ಎಕ್ಸೋಡಸ್. ಕೆ.ಬಿ. ಚಂದ್ರಶೇಖರ್ ಮತ್ತು ಬಿ.ವಿ. ಜಗದೀಶ್ 1994ರಲ್ಲಿ ಕಟ್ಟಿದ ಕಂಪನಿಯಿದು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದ ಅದರ ಕಟ್ಟಡದಲ್ಲಿ ಸಾಲು ಸಾಲು ಪಂಜರಗಳಿದ್ದವು. ಒಂದೊಂದರಲ್ಲಿ ಒಂದೊಂದು ಕಂಪನಿಯ ಯಂತ್ರಗಳು. ವಿದ್ಯುತ್ತು, ತಂಪು, ಕಾವಲು ಮಾಲೀಕರ ಹೊಣೆ.

1999ರ ಆರಂಭದಲ್ಲಿ ಅಲ್ಲಿ ಗೂಗಲ್‌ನ ಪಂಜರ 7 ಅಡಿ ಉದ್ದ, 4 ಅಡಿ ಅಗಲ. ಒಳಗಿದ್ದದ್ದು ಸುಮಾರು 30 ಕಂಪ್ಯೂಟರ್. ಬಾಡಿಗೆ ಚದರಡಿಗೆ, ಉರಿಸಿದ ವಿದ್ಯುತ್ತಿಗಲ್ಲ. ಹಾಗಿದ್ದ ಮೇಲೆ ಬಾಡಿಗೆದಾರ ಸುಮ್ಮನಿದ್ದಾನೆಯೇ? ಅದೇ ವರ್ಷ ಗೂಗಲ್ ಹೊರಕವಚವಿಲ್ಲದ ಅಗ್ಗದ ಮದರ್‌ಬೋರ್ಡುಗಳನ್ನು ತಟ್ಟೆಗೆ ನಾಲ್ಕರಂತೆ ಕಾರ್ಕ್ ಹಾಳೆಯ ಮೇಲೆ ಕೂರಿಸಿ, ಒಂದೇ ರ‍್ಯಾಕಿಗೆ 80 ತುಂಬಿತು. ಜಾಗ ಅಷ್ಟೇ, ಬಿಸಿ ಹಲವು ಪಟ್ಟು. ಅಂಥದೊಂದು ರ‍್ಯಾಕ್ ಈಗ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಎಕ್ಸೋಡಸ್ ಬೆಳೆದದ್ದು ಸಾಲದ ಮೇಲೆ. ಡಾಟ್‌ಕಾಮ್ ಕುಸಿತದಲ್ಲಿ ಬಾಡಿಗೆದಾರರೇ ಮುಳುಗಿದರು. 2001ರ ಸೆಪ್ಟೆಂಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ವ್ಯಾಪಾರ ಮಾತ್ರ ಉಳಿಯಿತು, ಅಳತೆಗೋಲು ಬದಲಾಯಿತು. ಇಂದು ದೊಡ್ಡ ಡೇಟಾ ಸೆಂಟರುಗಳು ಬಾಡಿಗೆ ಕಟ್ಟುವುದು ಕಿಲೋವ್ಯಾಟಿನ ಲೆಕ್ಕದಲ್ಲಿ. ಮಾರುತ್ತಿದ್ದದ್ದು ನೆಲವಲ್ಲ, ವಿದ್ಯುತ್ತು ಮತ್ತು ತಂಪು ಎಂಬುದನ್ನು ಮಾಲೀಕರಿಗೆ ಕಲಿಸಿದವರು ಬಾಡಿಗೆದಾರರೇ.