ಪಾಂಡಿಚೇರಿಯ ಹತ್ತು ವರ್ಷ: ಆಶ್ರಯ ಸಿಕ್ಕಿತು, ಓದುಗರು ಕೈತಪ್ಪಿದರು

ಜೀವಕ್ಕೆ ಕುತ್ತು ಬಂದ ಪತ್ರಕರ್ತರೊಬ್ಬರು ಬೇರೆ ದೇಶಕ್ಕೆ ಹೋಗಿ ಪಾರಾದ್ರು ಅನ್ನೋ ಸುದ್ದಿಯನ್ನ ಈಗ ಆಗಾಗ ಓದ್ತೀವಿ. ಪಾರಾದ್ರು ಅನ್ನೋದರ ಜೊತೆಗೆ ಸುದ್ದಿಯೂ ಮುಗಿದುಹೋಗುತ್ತೆ. ಆಮೇಲೆ ಅವರ ಬರವಣಿಗೆ ಏನಾಯ್ತು? ಹಿಂದೆ ಉಳಿದವರು ಯಾರು? ಈ ಎರಡು ಪ್ರಶ್ನೆ ಇಟ್ಟುಕೊಂಡು ಇವತ್ತು ನಾನು ಸುಬ್ರಹ್ಮಣ್ಯ ಭಾರತಿಯವರ ಕಥೆ ಹೇಳ್ತೀನಿ. ಕವಿ ಭಾರತಿ ಎಲ್ಲರಿಗೂ ಗೊತ್ತು, ನಾನು ಹೇಳ್ತಿರೋದು ಪತ್ರಕರ್ತ ಭಾರತಿಯ ಬಗ್ಗೆ.

1908ರ ಜುಲೈ. ಪತ್ರಿಕೆಯಲ್ಲಿ ಬಂದ ಲೇಖನಗಳಿಗಾಗಿ ತಿಲಕರಿಗೆ 6 ವರ್ಷ ಗಡೀಪಾರು. ಅದೇ ತಿಂಗಳು ವಿ.ಓ. ಚಿದಂಬರಂ ಪಿಳ್ಳೆಯವರಿಗೆ ಜೀವಾವಧಿ ಶಿಕ್ಷೆ. ಮದ್ರಾಸಿನಲ್ಲಿ ಭಾರತಿ ಆಗ 'ಇಂಡಿಯಾ' ಅನ್ನೋ ತಮಿಳು ವಾರಪತ್ರಿಕೆ ನಡೆಸ್ತಿದ್ರು. ಅದರ ಬೆನ್ನಿಗಿದ್ದವರು ಮಂಡಯಂ ಮನೆತನದವರು. ಹೌದು, ನಮ್ಮ ಮೇಲುಕೋಟೆ ಕಡೆಯ ಮಂಡಯಂ ಅಯ್ಯಂಗಾರರೇ.

ಇನ್ನು ಭಾರತಿಯವರ ಸರದಿ ಅಂತ ಎಲ್ಲರಿಗೂ ಗೊತ್ತಿತ್ತು. ಆದ್ರೆ ಸರ್ಕಾರದ ದಾಖಲೆಯಲ್ಲಿ ಪತ್ರಿಕೆಗೆ ಹೊಣೆಗಾರ ಅಂತ ಇದ್ದದ್ದು ಅವರ ಹೆಸರಲ್ಲ, ಎಂ. ಶ್ರೀನಿವಾಸನ್ ಅನ್ನೋರದ್ದು. ಪೊಲೀಸರು ಹಿಡಿದದ್ದು ಅವರನ್ನೇ. 5 ವರ್ಷ ಶಿಕ್ಷೆಯಾಯ್ತು. ಗೆಳೆಯರ ಒತ್ತಾಯಕ್ಕೆ ಭಾರತಿ ಪಾಂಡಿಚೇರಿ ಸೇರಿಕೊಂಡ್ರು. ಓಡಿಹೋದರು ಅಂತ ಮೂಗು ಮುರಿಯುವವರು ಇದ್ದಾರೆ. ನಾನು ಆ ಕಡೆಯವನಲ್ಲ, ಬರೆಯುವವನು ಜೈಲಲ್ಲಿ ಕೊಳೆತರೆ ಯಾರಿಗೆ ಲಾಭ? ಆದ್ರೆ ಶ್ರೀನಿವಾಸನ್ ಹೆಸರು ಬಿಟ್ಟು ಈ ಕಥೆ ಹೇಳೋದು ಮಾತ್ರ ನ್ಯಾಯ ಅಲ್ಲ.

ಪಾಂಡಿಚೇರಿ ಆಗ ಫ್ರೆಂಚರದ್ದು. ಅವರೇನು ಕರುಣೆಯಿಂದ ಕರೆದು ಕೂರಿಸಿದವರಲ್ಲ. ಅಲ್ಲಿ ಬ್ರಿಟಿಷರ ವಾರಂಟ್ ನಡೀತಿರಲಿಲ್ಲ, ಅಷ್ಟೇ. ಅಷ್ಟು ಸಾಕಾಗಿತ್ತು. ಮುದ್ರಣಯಂತ್ರವೂ ಅಲ್ಲಿಗೇ ಬಂತು. 1908ರ ಅಕ್ಟೋಬರ್‌ನಲ್ಲಿ 'ಇಂಡಿಯಾ' ಮತ್ತೆ ಶುರು.

ಈಗ ನೋಡಿ, ಬರೆಯುವವರು ಇದ್ದಾರೆ, ಅಚ್ಚು ಹಾಕೋಕೆ ಯಂತ್ರ ಇದೆ, ಬಂಧಿಸೋಕೆ ಯಾರಿಗೂ ಆಗಲ್ಲ. ಆದ್ರೆ ಓದುವವರೆಲ್ಲ ಗಡಿಯಾಚೆ, ಬ್ರಿಟಿಷ್ ನೆಲದಲ್ಲಿ! ಪತ್ರಿಕೆ ಅವರಿಗೆ ತಲುಪಬೇಕಾದ್ರೆ ಅಂಚೆಯೇ ಗತಿ, ಆ ಅಂಚೆ ಬ್ರಿಟಿಷರ ಕೈಯಲ್ಲಿ. ಸರ್ಕಾರ ಸಂಪಾದಕನ ಬೆನ್ನು ಹತ್ತೋದು ಬಿಟ್ಟು ಪತ್ರಿಕೆಯ ಕಟ್ಟುಗಳ ಬೆನ್ನು ಹತ್ತಿತು. 1910ರ ಮಾರ್ಚ್‌ನಲ್ಲಿ 'ಇಂಡಿಯಾ' ನಿಂತಿತು. ಯಾರನ್ನೂ ಮುಟ್ಟದೆ ಒಂದು ಪತ್ರಿಕೆಯನ್ನ ಹೀಗೂ ಕೊಲ್ಲಬಹುದು.

ಮುಂದಿನ ತಿಂಗಳೇ ಅರವಿಂದ ಘೋಷ್ ಕಲ್ಕತ್ತೆಯಿಂದ ಬಂದಿಳಿದರು. ಬರಮಾಡಿಕೊಂಡವರಲ್ಲಿ ಭಾರತಿ ಮತ್ತು ಮಂಡಯಂ ಶ್ರೀನಿವಾಸಾಚಾರಿ ಇದ್ದರು. ವಿ.ವಿ.ಎಸ್. ಅಯ್ಯರ್ ಕೂಡ ಆ ವರ್ಷವೇ ಬಂದರು. ಅವರ ಹಿಂದೆಯೇ ಗೂಢಚಾರರೂ ಬಂದರು ಅನ್ನಿ. 1911ರ ಜೂನ್‌ನಲ್ಲಿ ತಿರುನೆಲ್ವೇಲಿ ಕಲೆಕ್ಟರ್ ಆಶ್ ಅವರ ಕೊಲೆಯಾದ ಮೇಲಂತೂ ಕಾವಲು ಇನ್ನೂ ಬಿಗಿಯಾಯ್ತು. ಅಯ್ಯರ್ ಮನೆ ಬಾವಿಯಲ್ಲಿ ನಕಲಿ ದಾಖಲೆ ತುಂಬಿದ ಪಾತ್ರೆಯನ್ನೇ ಇಳಿಬಿಟ್ಟಿದ್ದರು! ಅದು ಸಿಕ್ಕಾಗ ಇವರೇ ಮೊದಲು ಫ್ರೆಂಚ್ ಪೊಲೀಸರಿಗೆ ಒಪ್ಪಿಸಿದ್ದರಿಂದ ಬಚಾವಾದರು. ಇಲ್ಲದಿದ್ರೆ ಆಶ್ರಯ ಅಲ್ಲಿಗೇ ಮುಗೀತಿತ್ತು. ಹೊರಗಿನಿಂದ ಬಂದವರು ಅಲ್ಲಿ ಉಳಿಯಬೇಕಾದ್ರೆ ಊರಿನ ಐವರು ಗಣ್ಯರ ಸಹಿ ತರಬೇಕು ಅನ್ನೋ ನಿಯಮವೂ ಬಂತು. ಅರವಿಂದರಿಗೆ ಸಹಿ ಹಾಕೋಕೆ ಐವರು ಸಿಕ್ಕರು. ಸಾಮ್ರಾಜ್ಯ ಒಂದು ಕಣ್ಣಿಟ್ಟಿರೋ ಮನುಷ್ಯನ ಪರ ತನ್ನ ಹೆಸರು ಬರೆದುಕೊಡೋದು ಸಣ್ಣ ಮಾತಲ್ಲ.

ಪತ್ರಿಕೆ ಹೋದ ಮೇಲೆ ಭಾರತಿಯವರಿಗೆ ಉಳಿದದ್ದು ಬಡತನ, ಮತ್ತೆ ಕಾವ್ಯ. 'ಪಾಂಚಾಲಿ ಶಪಥಂ' ಮೊದಲ ಭಾಗ ಅಚ್ಚಾಗಿದ್ದು 1912ರಲ್ಲಿ, ಅಲ್ಲಿಂದಲೇ. ತಮಿಳು ಸಾಹಿತ್ಯದವರು ಈ ಹತ್ತು ವರ್ಷವನ್ನ ಸುಗ್ಗಿ ಅಂತ ಕೊಂಡಾಡ್ತಾರೆ, ತಪ್ಪೇನಿಲ್ಲ. ಸಂಪಾದಕನೊಬ್ಬನ ಬಾಯಿ ಕಟ್ಟಿದ್ದೂ ಅದೇ ಹತ್ತು ವರ್ಷ.

1918ರ ನವೆಂಬರ್‌ನಲ್ಲಿ ಯುದ್ಧ ಮುಗಿಯಿತು. ಭಾರತಿ ಪಾಂಡಿಚೇರಿ ಬಿಟ್ಟು ಹೊರಟರು. ಗಡಿ ದಾಟಿದ್ದೇ ತಡ, ಕಡಲೂರಿನ ಹತ್ತಿರ ಬಂಧನ. ಹತ್ತು ವರ್ಷ ಕಳೆದಿದ್ದರೂ ಸರ್ಕಾರ ಮರೆತಿರಲಿಲ್ಲ. ಆನಿ ಬೆಸೆಂಟ್, ಸಿ.ಪಿ. ರಾಮಸ್ವಾಮಿ ಅಯ್ಯರ್ ಮೊದಲಾದವರು ಮಾತಾಡಿದ ಮೇಲೆ ಮೂರು ವಾರಕ್ಕೆ ಬಿಡುಗಡೆ ಆಯ್ತು. ಆದ್ರೆ ಷರತ್ತಿನ ಮೇಲೆ: ಹೇಳಿದ ಜಿಲ್ಲೆಯಲ್ಲೇ ಇರಬೇಕು, ಏನು ಪ್ರಕಟಿಸಬೇಕಾದ್ರೂ ಮೊದಲು ಪೊಲೀಸರಿಗೆ ತೋರಿಸಬೇಕು.

1920ರಲ್ಲಿ ಅವರು ಮದ್ರಾಸಿನ 'ಸ್ವದೇಶಮಿತ್ರನ್'ಗೆ ಮರಳಿದರು, 1904ರಲ್ಲಿ ಕೆಲಸ ಕಲಿತ ಅದೇ ಪತ್ರಿಕೆಗೆ. 1921ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 38 ವರ್ಷ.